ನೀರು ಕುಡಿಯದ ದೋಣಿ

ಸಿಂಧನೂರಿನ ಬಜಾರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಅಂಗಡಿಯವರು ಕೆಂಡದ ಮೇಲೆ ಲೋಬಾನ ಹಾಕುತ್ತಾರೆ. ಆ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕಾಲು ನಿಂತುಬಿಡುತ್ತದೆ. ಅದರ ಹಿಂದೆಯೇ ನನಗೆ ಇನ್ನೊಂದು ವಾಸನೆ ಬರುತ್ತದೆ: ದಢೇಸುಗೂರಿನ ನಮ್ಮ ಅಂಗಳದಲ್ಲಿ ಔಡಲೆಣ್ಣೆಯೊಳಗೆ ಕರಗುತ್ತಿದ್ದ ರಾಳದ ವಾಸನೆ. ಅಲ್ಲಿ ಬೇವಿನ ಗಿಡದ ಬುಡಕ್ಕೆ ಸದಾ ಒಂದು ದೋಣಿ ಬೋರಲಾಗಿ ಮಲಗಿರುತ್ತಿತ್ತು. ತಾತ ಬಡಗಿ. ಹೊಳೆಯ ಎರಡೂ ದಂಡೆಯವರಿಗೆ ಸಣ್ಣ ದೋಣಿ ಕಟ್ಟಿಕೊಡುವುದು, ಹಳೆಯವಕ್ಕೆ ಹಲಗೆ ಬದಲಿಸುವುದು ಅವನ ಕೆಲಸ. ಹಲಗೆಗಳ ಸಂದಿಗೆ ತುರುಕಿ ಮೇಲೆ ರಾಳ ಬಳಿಯಲು ಹತ್ತಿಯ ಬತ್ತಿ ಬೇಕಿತ್ತು. ಅದನ್ನು ಹೊಸೆಯುವವರು ಮನೆಯ ಹೆಂಗಸರು. ತಾತನ ಒಬ್ಬಳೇ ಮಗಳು ದೇವಮ್ಮ ಅತ್ತೆ ತೊಡೆಯ ಮೇಲೆ ಹೊಸೆದಳೆಂದರೆ ಬತ್ತಿ ಹಗ್ಗದಂತೆ ಅಂಗಳದುದ್ದ ಬೆಳೆಯುತ್ತಿತ್ತು. ನನ್ನದನ್ನು ನೋಡಿ, "ಇದೇನಬೇ, ಹಲ್ಲಿ ಬಾಲ ಹೊಸದೀಯಲ್ಲ!" ಎಂದು ನಗುತ್ತಿದ್ದಳು.

ದುರಸ್ತಿಯಾದ ದೋಣಿಗೆ ಕಲ್ಲು ಹೇರಿ ನೀರಿನಲ್ಲಿ ಮುಳುಗಿಸಿಡುವುದು ವಾಡಿಕೆ. ಹಲಗೆಗಳು ನೀರು ಕುಡಿದು ಉಬ್ಬಿ ಒಂದನ್ನೊಂದು ಕಚ್ಚಿ ಹಿಡಿದ ಮೇಲೆಯೇ ಅದು ಜನರನ್ನು ಹೊರಬೇಕು. ಮೊದಲು ಈ ಕೆಲಸ ಹೊಳೆಯಲ್ಲೇ ಆಗುತ್ತಿತ್ತು. ಆಣೆಕಟ್ಟೆಯಾದ ಮೇಲೆ ಬೇಸಿಗೆಯ ಹೊಳೆ ಬರೀ ಮರಳಾಯಿತು; ನೀರೆಲ್ಲ ಕಾಲುವೆಗೆ, ನೆಲ್ಲಿನ ಗದ್ದೆಗಳಿಗೆ ಹೋಯಿತು. ತಾತನೂ ದೋಣಿಯನ್ನು ಬಂಡಿಯ ಮೇಲೆ ಹೇರಿ ಕಾಲುವೆಗೆ ಒಯ್ಯತೊಡಗಿದ. "ಕುಡಿಯಾಕ ಯಾವ ನೀರಾದ್ರೇನು" ಎನ್ನುತ್ತಿದ್ದ. ಆ ವರ್ಷ ಆಚೆ ದಂಡೆಯ ಅತ್ತೆಮನೆಯಲ್ಲಿದ್ದ ದೇವಮ್ಮ ಅತ್ತೆಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಹೆರಿಗೆ, ತವರಿಗೆ ಕರೆತರಬೇಕು. ತಾತ ಮನೆಯ ಹಳೆಯ ದೋಣಿಯನ್ನೇ ಹೊಸದಾಗಿಸಿ ಕಾಲುವೆಯಲ್ಲಿ ಮುಳುಗಿಸಿ, ಮರ ತರಲು ಲಿಂಗಸುಗೂರಿಗೆ ಹೋದ. ಅವನು ಅತ್ತ ಹೋದಾಗ ಕಾಲುವೆಯ ನೀರು ನಿಂತಿತು. ದೋಣಿ ಕೆಸರಿನ ಮೇಲೆ ಬಿಸಿಲು ಕಾಯುತ್ತ ಬಿದ್ದುಕೊಂಡಿತು. ಅವನು ಮರಳುವ ಹಿಂದಿನ ದಿನವಷ್ಟೇ ಮತ್ತೆ ನೀರು ಬಂದಿತ್ತು. ಬಿಟ್ಟುಹೋದಂತೆಯೇ ಮುಳುಗಿದ್ದ ದೋಣಿಯನ್ನು ನೋಡಿ ಸಮಾಧಾನಗೊಂಡು ಅದನ್ನು ಮೇಲೆತ್ತಿಸಿದ. ಕಾಲುವೆ ನಿಂತದ್ದು ಊರಿನವರಿಗೆ ಗದ್ದೆಯ ಸುದ್ದಿ. ಅದು ದೋಣಿಯ ಸುದ್ದಿಯೂ ಹೌದೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆಗೆ ಹೊಸ ನೀರು ಬಂದಾಗ ತಾತ, ಅಜ್ಜಿ ಮತ್ತು ನಾನು ಅತ್ತೆಯನ್ನು ಕರೆಯಲು ಹೋದೆವು. ಹೋಗುವಾಗ ಹಗುರ ದೋಣಿ, ಏನೂ ಆಗಲಿಲ್ಲ. ಬರುವಾಗ ಅತ್ತೆ, ಅವಳ ಟ್ರಂಕು, ಬೀಗರು ಕೊಟ್ಟ ಅಕ್ಕಿಚೀಲ, ಬುತ್ತಿಯ ಬುಟ್ಟಿಗಳು ಎಲ್ಲ ಸೇರಿ ದೋಣಿ ನೀರಿನಲ್ಲಿ ಇಳಿದು ಕೂತಿತು. ಮೊದಲು ನೀರು ಮುಟ್ಟದ ಮೇಲಿನ ಸಂದಿಗಳೂ ಮುಳುಗಿದವು. ದಂಡೆ ಬಿಟ್ಟು ಸ್ವಲ್ಪ ದೂರ ಬಂದಿದ್ದೆವಷ್ಟೇ, ನನ್ನ ಅಂಗಾಲಿಗೆ ತಣ್ಣಗೆ ತಾಗಿತು. ನೋಡಿದರೆ ಹತ್ತಿಯ ಬತ್ತಿಯೊಂದು ಸಂದಿಯಿಂದ ಹೊರಬಂದು ನೀರಿನಲ್ಲಿ ಹಾವಿನಂತೆ ಆಡುತ್ತಿತ್ತು. "ಯಾರೂ ಏಳಬ್ಯಾಡ್ರಿ! ಕುಂತಲ್ಲೇ ಕುಂದರ್ರಿ!" ಎಂದು ತಾತ ಕೂಗಿದ. ರುಮಾಲು ಬಿಚ್ಚಿ ಸಂದಿಗೆ ತುರುಕಿ, ಹಿಮ್ಮಡಿಯಿಂದ ಒತ್ತಿ ಹಿಡಿದು ದೋಣಿ ತಿರುಗಿಸಿದ. ಅಜ್ಜಿ ಅಕ್ಕಿಚೀಲ ಹೊಳೆಗೆ ನೂಕಿದಳು. ಅತ್ತೆ ಹೊಟ್ಟೆ ಹಿಡಿದುಕೊಂಡೇ ಚರಿಗೆಯಿಂದ ನೀರು ಮೊಗೆದು ಚೆಲ್ಲುತ್ತಿದ್ದಳು. ಈಚೆ ದಂಡೆ ಮುಟ್ಟುವಂತಿರಲಿಲ್ಲ. ಹೊರಟ ದಂಡೆಗೇ ಮರಳಿದೆವು.

ಅತ್ತೆಯ ಅತ್ತೆ ಮೊಣಕಾಲುದ್ದ ನೀರಿಗಿಳಿದು ಸೊಸೆಯ ರಟ್ಟೆ ಹಿಡಿದರು. "ಸಾಕ್ರಿ ಬೀಗರ, ಇಕಿನ್ನ ನಾ ಇನ್ನ ಕಳಸಂಗಿಲ್ಲ. ಬಾಣಂತನ ಇಲ್ಲೇ ಆಗ್ಲಿ." ತಾತನ ಮುಖ ನೋಡಲಾರದೆ ಅತ್ತೆಯೇ ನಗಿಸಲು ಹೋದಳು: "ಯಪ್ಪಾ, ನಿನ್ನ ದೋಣಿಗಿ ನನಗಿಂತ ಹೆಚ್ಚು ನೀರಡಿಕಿ ಆಗಿತ್ತಲ್ಲೋ!" ನಾವು ಯಾರದೋ ಹರಿಗೋಲಿನಲ್ಲಿ ಊರಿಗೆ ಬಂದೆವು.

ಎಮ್ಮೆ ಮೇಯಿಸುವವನೊಬ್ಬ ಮರುದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ: "ಕೆನಾಲ್ ಬಂದ್ ಆಗಿತ್ತಲ್ಲೋ ಯಜ್ಜಾ. ಒಣಗಿದ ದೋಣಿಗಿ ನಮ್ಮ ಎಮ್ಮಿ ಮೈ ತಿಕ್ಕೊಂಡ್ವು." ತಾತ ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟ. ಆಮೇಲೆ ಹೊಳೆ ದಂಡೆ ತುಂಬಿ ಹರಿಯಿತು, ಹರಿಗೋಲೂ ನಿಂತಿತು. ಅತ್ತೆ ಹೆರಿಗೆಯಲ್ಲಿ ತೀರಿಕೊಂಡ ಸುದ್ದಿ ನೀರು ಇಳಿದ ಮೇಲೆ ನಮ್ಮನ್ನು ಮುಟ್ಟಿತು. ಮಣ್ಣಿಗೂ ನಮಗೆ ಹೋಗಲಾಗಲಿಲ್ಲ.

ತಾತ ಮತ್ತೆ ದೋಣಿ ಕಟ್ಟಲಿಲ್ಲ. ಆ ದೋಣಿಯನ್ನು ಅಂಗಳಕ್ಕೆ ತರಿಸಿ, ಅಂಗಾತ ಇರಿಸಿ, ದಿನಾ ಬೆಳಿಗ್ಗೆ ಬಾವಿಯಿಂದ ಕೊಡ ಹೊತ್ತು ತಂದು ಅದಕ್ಕೆ ಸುರಿಯುತ್ತಿದ್ದ. ನಾನು ಕಾಲೇಜು ಓದಿದೆ. ಹೊಳೆಗೆ ಸೇತುವೆ ಬಂತು. ಬಸ್ಸು ಅದರ ಮೇಲೆ ಹತ್ತಿದಾಗ ಈಗಲೂ ಚಪ್ಪಲಿಯಿಂದ ಕಾಲು ತೆಗೆದು ಕೆಳಗಿನ ತಗಡನ್ನು ಮುಟ್ಟಿ ನೋಡುತ್ತೇನೆ, ಒಣಗಿದೆಯೋ ಇಲ್ಲವೋ ಎಂದು.

ಕೊನೆಗಾಲದಲ್ಲಿ ತಾತ ಬಹಳ ದಿನ ಹಾಸಿಗೆ ಹಿಡಿದ. ದೋಣಿಯ ಕಡೆ ಯಾರ ಗಮನವೂ ಇರಲಿಲ್ಲ. ಅವನ ಮಣ್ಣಾದ ಮರುದಿನ ಅಜ್ಜಿ ಒಬ್ಬಳೇ ಕೊಡ ತಂದು ಅದರೊಳಗೆ ಸುರಿದಳು. ನೀರು ಒಂದು ಗಳಿಗೆಯೂ ನಿಲ್ಲದೆ ಎಲ್ಲ ಸಂದಿಗಳಿಂದ ಅಂಗಳಕ್ಕೆ ಹರಿದುಹೋಯಿತು. ಅಜ್ಜಿ ನೋಡುತ್ತ ನಿಂತಳು. ಆಮೇಲೆ ಬರಿದಾದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಮತ್ತೆ ಬಾವಿಯ ಕಡೆ ನಡೆದಳು.