ಗುದ್ದಲಿ ಹಿಡಿದವರ ಸಭೆ

ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸಿನ ಊರು ನಗರದಿಂದ ಪೂರ್ವಕ್ಕೆ, ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಸಿಗುವ ಒಣ ಸೀಮೆಯಲ್ಲಿದೆ. ಅಲ್ಲಿ ನೆಲದಡಿ ಕಲ್ಲಿದ್ದಲು ಇದೆಯಂತೆ. ಅದನ್ನು ತೆಗೆಯಲು ಬಂದ ಕಂಪನಿಯವರು ಹೊಲ ಮನೆ ಬಿಟ್ಟು ಏಳಿ ಎನ್ನುತ್ತಿದ್ದರು. ಅವಳ ತಾಯಿ ಸುತಾರಾಂ ಏಳುವುದಿಲ್ಲ ಎಂದು ಕೂತಿದ್ದರು. ಆದರೆ ತಂದೆ ತೀರಿಕೊಂಡ ಮೇಲೆ ಹೊಲ ಅವಳ ತಮ್ಮನ ಹೆಸರಿಗಿತ್ತು, ಅವನಿಗೆ ಮಾರುವ ಮನಸ್ಸು. ಆ ಊರಿನ ಹೆಂಗಸರೇ ಒಟ್ಟುಗೂಡಿ ಒಂದು ಸಭೆ ಕರೆದಿದ್ದರು. ಯಾರು ಒಪ್ಪುತ್ತಾರೆ, ಯಾರು ಇಲ್ಲ ಎನ್ನುವುದನ್ನು ಅಂದು ಕಂಪನಿಯವರ ಎದುರೇ ಹೇಳಬೇಕು. ಇವಳು ರಜೆ ಕೇಳಿದಳು. ಜನಕ್ಕೆಲ್ಲ ಅಡುಗೆ ಮಾಡಲು ದೊಡ್ಡ ಪಾತ್ರೆ ಇದೆಯೇ ಎಂದೂ ಕೇಳಿದಳು.

ಪಾತ್ರೆಗೇನು ಬರ! ಕನ್ನಡ ಕೂಟದವರು ಯುಗಾದಿಗೆ ಪುಳಿಯೋಗರೆ ಕಲಸುವ ಕೊಪ್ಪರಿಗೆ ನಮ್ಮ ಗ್ಯಾರೇಜಿನಲ್ಲೇ ಬಿದ್ದಿತ್ತು. ಅದನ್ನು ಜನ ತುಂಬಿದ ಮಟಾಟು ವ್ಯಾನಿನಲ್ಲಿ ಯಾರು ಹತ್ತಿಸಿಕೊಳ್ಳುತ್ತಾರೆ? ನಾವೇ ಕಾರಿನಲ್ಲಿ ಹೊರಟೆವು.

“ನಿನಗ್ಯಾಕೆ ಬೇಕಿತ್ತೇ ಊರ ಉಸಾಬರಿ?” ಎಂದರು ನಮ್ಮ ಯಜಮಾನರು, ದಾರಿಯುದ್ದಕ್ಕೂ. “ಮುಂದಿನ ಸಲ ಎಲೆಕ್ಷನ್‌ಗೆ ನಿಲ್ತೀಯೇನೋ!”

“ನಿಂತ್ರೆ ನೀವೇ ಡ್ರೈವರ್ರು. ಈಗ ರಸ್ತೆ ನೋಡ್ರೀ,” ಎಂದೆ.

ಸಭೆ ಎಂದರೆ ಶಾಮಿಯಾನ, ಕುರ್ಚಿ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಎಲ್ಲರೂ ಇವಳ ತಾಯಿಯ ಹೊಲದಲ್ಲಿ ಬದು ಹಾಕುತ್ತಿದ್ದರು! ನಮ್ಮಲ್ಲಿ ಮುಯ್ಯಾಳು ಎನ್ನುತ್ತೇವಲ್ಲ, ಹಾಗೆ: ಇವತ್ತು ನಿಮ್ಮ ಹೊಲ, ನಾಳೆ ನಮ್ಮದು. ಆ ಹೆಂಗಸರ ಸಂಘದ ಮಾತುಕತೆಯೆಲ್ಲ ಈ ಕೆಲಸದ ನಡುವೆಯೇ. ಅದಕ್ಕೊಂದು ಕಟ್ಟುಪಾಡು. ಮಾತಾಡುವವರು ಗುದ್ದಲಿ ತೆಗೆದುಕೊಂಡು ಮೊದಲು ಒಂದಿಷ್ಟು ಅಗೆಯಬೇಕು. ಅಗೆಯದೆ ಆಡಿದ ಮಾತು ಲೆಕ್ಕಕ್ಕಿಲ್ಲ.

ಕಂಪನಿಯಿಂದ ಬಂದವನಿಗೂ ಗುದ್ದಲಿ ಕೊಟ್ಟರು. ಪಾಪ, ಅವನೂ ಸಂಬಳದ ಮನುಷ್ಯ. ಬೆವರು ಒರೆಸಿಕೊಳ್ಳುತ್ತಾ ಅಗೆದ, ಹೊಸ ಮನೆ, ನಲ್ಲಿ ನೀರು ಎಂದೆಲ್ಲ ಹೇಳಿದ. ಜನ ನಕ್ಕರು, ಆದರೆ ಕೇಳಿದರು.

ಆಮೇಲೆ ಇವಳ ತಮ್ಮನ ಸರದಿ. ಅವನು ಜೋರಾಗಿಯೇ ಅಗೆದ. “ಮಳೆ ಬಂದ್ರೆ ಮುಸುಕಿನ ಜೋಳ, ಬರದಿದ್ರೆ ಬರೀ ಕಲ್ಲು. ನನ್ನ ಜೊತೆಯವರೆಲ್ಲ ಸಂಸಾರ ಮಾಡಿಕೊಂಡ್ರು. ನನಗೆ ಯಾರು ಹೆಣ್ಣು ಕೊಡ್ತಾರೆ?” ಅವನ ಅಕ್ಕ ಅವರ ಭಾಷೆಯ ಆ ಮಾತನ್ನು ನನಗೆ ಸ್ವಾಹಿಲಿಯಲ್ಲಿ ಹೇಳುತ್ತಾ ಅತ್ತುಬಿಟ್ಟಳು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

“ಹಾಗಾದರೆ ಒಪ್ಪಿಗೆ ತಾನೇ?” ಎಂದು ಕಂಪನಿಯವನು ಕೇಳಿದ.

ಆಗ ಇವಳ ತಾಯಿ ಎದ್ದರು. ಮಗನ ತೋಳು ಹಿಡಿದು ಹೊಲದ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಕಲ್ಲು ಜೋಡಿಸಿದ ಒಂದು ಗುಡ್ಡೆ. ಆ ಕಡೆಯವರು ಸತ್ತವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ.

“ಇಲ್ಲಿ ಅಗಿ,” ಎಂದರು ತಾಯಿ. “ನಿಮ್ಮಪ್ಪನ್ನ ಮೇಲೆತ್ತು. ಆಮೇಲೆ ಒಪ್ಪಿಗೆ ಅಂತ ಹೇಳು. ನೀನು ಕರೆದ ಕಡೆ ನಾನೂ ಬರ್ತೀನಿ.”

ಮಗ ಗುದ್ದಲಿ ಎತ್ತಿದ, ಹಾಗೆಯೇ ಇಳಿಸಿದ. ಇನ್ನೊಮ್ಮೆ ಎತ್ತಲು ಕೈ ಬರಲಿಲ್ಲ. ಕಂಪನಿಯವನು ಮತ್ತೆ ಕೇಳಿದಾಗ ಒಬ್ಬ ಮುದುಕಿ ಗದರಿದಳು: “ಅವನು ಇಲ್ಲಿನ್ನೂ ಅಗೆದಿಲ್ಲ, ಮಾತಾಡೋ ಹಾಗಿಲ್ಲ!”

ಅಷ್ಟೇ. ಒಪ್ಪಿಗೆ ಅವನ ಬಾಯಿಂದ ಹೊರಡಲೇ ಇಲ್ಲ. ಅವನ ಹಿಂದೆ ಒಪ್ಪಲು ನಿಂತಿದ್ದವರೂ ಮೆಲ್ಲಗೆ ಚದುರಿದರು. ಹೆಂಗಸರು ಕೇಕೆ ಹಾಕಿ ಕುಣಿದರು, ನಾನೂ ಅವರ ಜೊತೆ ನಾಚಿಕೆ ಬಿಟ್ಟು ಕುಣಿದೆ.

ಸಂಜೆ ಹೊರಡುವಾಗ ನೋಡಿದರೆ ಇವಳ ತಮ್ಮ ಒಂದು ಬ್ಯಾಗ್ ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ನೈರೋಬಿಯಲ್ಲಿ ಏನಾದರೂ ಕೆಲಸ ಹುಡುಕುತ್ತೇನೆ, ಇನ್ನು ಈ ಕಡೆ ಬರುವುದಿಲ್ಲ ಎಂದ. ತಾಯಿ ಬಂದು ಕಿಟಕಿಯೊಳಗೆ ಕೈ ಹಾಕಿ ಅವನ ಕೈ ಹಿಡಿದುಕೊಂಡರು. ಹೋಗಬೇಡ ಎನ್ನಲಿಲ್ಲ, ಕೈಯನ್ನೂ ಬಿಡಲಿಲ್ಲ.

ನಮ್ಮ ಯಜಮಾನರು ನನ್ನ ಕಡೆ ತಿರುಗಿ, “ಹೊರಡೋಣ್ವಾ?” ಎಂದರು.

ನಾನು ತಾಯಿಯ ಕೈ ನೋಡಿ, “ಸ್ವಲ್ಪ ತಡೀರಿ,” ಎಂದೆ.