ಹುಳ ಹತ್ತಿದ ಬೆಸುಗೆ

ಭಜಿ ಕರಿಯುವ ಚರಚರ ಸದ್ದು ಕಿವಿಗೆ ಬಿದ್ದರೆ ನನ್ನ ಕಣ್ಣು ಭಜಿಗಿಂತ ಮೊದಲು ಫ್ಯಾನು ಹುಡುಕುತ್ತದೆ. ನಿನ್ನೆ ಮನಗೂಳಿಯ ಹೋಟೆಲಿನಲ್ಲೂ ಹುಡುಕಿತು, ಆದರೆ ತುಸು ತಡವಾಗಿ. ಕಾರಣವನ್ನು ಮುಚ್ಚಿಟ್ಟು ನಿಮ್ಮನ್ನು ಕಾಯಿಸುವುದಿಲ್ಲ: ಹಿಂದೊಮ್ಮೆ ಬೆಸುಗೆ ಹಾಕುವಾಗ ಫ್ಯಾನು ಹಚ್ಚಿಟ್ಟ ದಡ್ಡ ನಾನೇ.

ನನ್ನ ಸೋದರಮಾವನಿಗೆ ಬಸವನ ಬಾಗೇವಾಡಿಯಲ್ಲಿ ವೆಲ್ಡಿಂಗ್ ಅಂಗಡಿ. ನಾನು ಕೆಲಸ ಕಲಿತದ್ದು ಅಲ್ಲೇ, ರಾಡ್ ಹಿಡಿದು. ರಾಡಿನ ಬೆಸುಗೆಯ ಮೇಲೆ ಕರಿ ಸಿಪ್ಪೆ ಕಟ್ಟುತ್ತದೆ. ಸುತ್ತಿಗೆಯಿಂದ ಟಕಟಕ ಬಡಿದು ಅದನ್ನು ಉದುರಿಸಿದರೇ ಕೆಲಸ ಮುಗಿದಂತೆ. ಆ ಟಕಟಕವನ್ನು ನಾನು ಬಾಯಲ್ಲೇ ನುಡಿಸುತ್ತಿದ್ದೆ. ಗಿರಾಕಿಗಳ ಗೊಣಗಾಟ, ಮಾವ ಬೀಡಿ ಹಚ್ಚುವ ಗತ್ತು, ಯಾವುದನ್ನೂ ನಕಲಿ ಮಾಡದೆ ಬಿಟ್ಟವನಲ್ಲ; ಹೀಗೆ ಅಣಕಿಸುವವನನ್ನು ನಮ್ಮ ಕಡೆ ನಕಲಿ ಎಂದೇ ಕರೆಯುತ್ತಾರೆ.

ಎರಡು ಸಾವಿರದ ಇಸವಿಯ ಆಸುಪಾಸು ಮಾವ ವೈರ್ ಮಷಿನ್ ತಂದ. ಗುಂಡಿ ಒತ್ತಿದರೆ ತಂತಿ ತಾನೇ ಮುಂದೆ ಬರುತ್ತದೆ, ಸಿಲಿಂಡರಿನ ಗ್ಯಾಸು ಬೆಸುಗೆಯನ್ನು ಮುಚ್ಚಿ ಕಾಯುತ್ತದೆ. ಸಿಪ್ಪೆಯೇ ಇಲ್ಲ! ಸಿಪ್ಪೆ ಇಲ್ಲದ್ದನ್ನು ನಂಬುವುದು ಹೇಗೆ? ಮಷಿನ್ ಮಾರಿದವನು ಮೊದಲ ದಿನ ಮುಂಜಾನೆಯ ತಂಪಿನಲ್ಲಿ ಹಾಕಿ ತೋರಿಸಿದ ಬೆಸುಗೆಯನ್ನು ಬಡಿದೇ ಬಡಿದೆ. ತಗ್ಗು ಬಿತ್ತೇ ಹೊರತು ಏನೂ ಉದುರಲಿಲ್ಲ.

ಅದೇ ಮಧ್ಯಾಹ್ನ ಮಸೂತಿ ಊರಿನ ಗೌಡರ ಟ್ರೇಲರಿಗೆ ಕೈ ಹಚ್ಚಿದೆ. ಸೆಕೆ, ಎಂದಿನಂತೆ ಬೆನ್ನ ಹಿಂದೆ ಟೇಬಲ್ ಫ್ಯಾನು. ಬೆಸುಗೆ ನೋಡಿದರೆ ಹುಳ ಹತ್ತಿದ ಜೋಳದಂತೆ ತೂತು ತೂತು.

"ಇದು ನಾಕ್ ಚೀಲ ಜ್ವಾಳಾನೂ ತಡ್ಯಾಂಗಿಲ್ಲ. ಟ್ರೇಲರ್ ಮನಗೂಳಿ ಅಂಗಡಿಗೆ ಒಯ್ತೇನಿ ನಾ," ಎಂದರು ಗೌಡರು.

ಮಾವನ ಮುಖ ಇಳಿಯಿತು. "ಹಂಗಾದ್ರ ಮಷಿನ್ನೂ ಹೊಳ್ಳಿ ಕಳಸೂದ," ಎಂದ. ಊರೆಲ್ಲ ಹೇಳಿಕೊಂಡು ತಂದಿದ್ದ ಮಷಿನ್ ಅದು.

ನನಗೋ ಎಲ್ಲರ ಮೇಲೂ ಗುಮಾನಿ. "ಮಾಮಾ, ಮಷಿನ್ ಮಾರಿದಾಂವ ಹೋಗುಮುಂದ ಸಿಲಿಂಡರ್ ಬದಲ್ ಮಾಡ್ಯಾನ. ಇದು ನಕಲಿ ಐತಿ, ಬರೇ ಗಾಳಿ ತುಂಬ್ಯಾರ."

"ತಂತೀನೂ ನಕಲಿ ಇದ್ದೀತು ನೋಡ್ರಿ," ಗೌಡರು ಒಗ್ಗರಣೆ ಹಾಕಿದರು.

ಬಿಗುವು ಸಡಿಲಿಸಲು ನಾನು ಮಾವನನ್ನೇ ಆಡಿ ತೋರಿಸಿದೆ. ತುಟಿಗೆ ರಾಡಿನ ತುಂಡೊಂದನ್ನು ಬೀಡಿಯಂತೆ ಸಿಕ್ಕಿಸಿ, ಫ್ಯಾನಿಗೆ ಬೆನ್ನು ತಿರುಗಿಸಿ, ಅಂಗೈಗಳ ಮರೆಯಲ್ಲಿ ಇಲ್ಲದ ಕಡ್ಡಿ ಗೀರಿದೆ. ಗೌಡರು ನಕ್ಕರು. ಮಾವ ನಗಲಿಲ್ಲ. ನನ್ನ ಅಂಗೈ ನೋಡಿದ, ಫ್ಯಾನು ನೋಡಿದ, ಎದ್ದು ಹೋಗಿ ಅದನ್ನು ಆರಿಸಿದ.

"ಈಗ ಹಾಕು."

ಭಜಿ ಕರಿದಂತೆ ಚರಚರ ಸದ್ದು. ಹುಡುಕಿದರೂ ಒಂದು ತೂತಿಲ್ಲ. ಬೆಸುಗೆ ಕಾಯಬೇಕಾದ ಗ್ಯಾಸನ್ನೆಲ್ಲ ನನ್ನ ಫ್ಯಾನೇ ಹಾರಿಸಿಬಿಡುತ್ತಿತ್ತು. ಗೌಡರು ಬಗ್ಗಿ ನೋಡಿ, "ಇಲ್ಲೇ ಇರ್ಲಿ ಬಿಡ್ರಿ ಟ್ರೇಲರ್," ಎಂದರು. ನಾನು ಮಾತ್ರ ಸುತ್ತಿಗೆ ಎತ್ತಿ, "ಆದ್ರೂ ಮಾಮಾ, ಆ ಸಿಲಿಂಡರ್..." ಎಂದೆ.

ನಿನ್ನೆ ಹೋಟೆಲಿನ ಭಜಿ ತಣ್ಣಗಿತ್ತು. ಮುಂಜಾನೆಯದನ್ನು ಕೊಟ್ಟಿದ್ದಾನೆ ಎಂದು ಮಾಲಕನ ಮೇಲೆ ಏರಿಹೋಗುವ ಮೊದಲು ತಲೆ ಎತ್ತಿ ನೋಡಿದೆ. ಫ್ಯಾನಿನ ಅಡಿಯಲ್ಲೇ ಕುಳಿತಿದ್ದೆ. ತೆಪ್ಪಗೆ ತಿಂದೆ. ಅಂದು ಮಾವ ನನ್ನ ಕೈಯಿಂದ ಸುತ್ತಿಗೆ ಕಸಿದುಕೊಂಡು ಹೇಳಿದ್ದ:

"ಸಿಲಿಂಡರ್ ನಕಲಿ ಅಲ್ಲಲೇ. ಈ ಅಂಗಡ್ಯಾಗ ನಕಲಿ ಅಂದ್ರ ನೀ ಒಬ್ಬಾಂವ."