ಮೇಷ್ಟ್ರನ್ನು ನೋಡಲು ಜಡೆಗೆ

ಶಿಕಾರಿಪುರದಿಂದ ಬೆಳಗಿನ ಸರ್ಕಾರಿ ಬಸ್ಸು ಹಿಡಿದೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಶಿರಾಳಕೊಪ್ಪದಲ್ಲಿ ಸಂತೆಯ ದಿನ. ಹೆಂಗಸರು ಚೀಲ ಸಮೇತ ಹತ್ತಿದ್ದರಿಂದ ನನಗೆ ಕಾಲಿಡಲೂ ಜಾಗ ಉಳಿಯಲಿಲ್ಲ. ಕಂಡಕ್ಟರ್ ಸುತ್ತಲಿನವರಲ್ಲಿ ನನ್ನೊಬ್ಬನಿಂದ ಮಾತ್ರ ದುಡ್ಡು ತೆಗೆದುಕೊಂಡ. "ಸೀರೆ ಉಟ್ಕಂಡು ಬರ್ಬೇಕಿತ್ತು ನೋಡ್ರಿ ಯಜಮಾನ್ರೇ, ಪುಕ್ಕಟೆ ಆಗ್ತಿತ್ತು" ಎಂದಳು ಪಕ್ಕದ ಮುದುಕಿ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಹೊರಟಿದ್ದು ಚನ್ನಬಸಪ್ಪ ಮೇಷ್ಟ್ರನ್ನು ನೋಡಲು. ಜಡೆಯಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿ, ಮದ್ರಾಸಿಗೆ ಹೋಗಿ ಸಿನಿಮಾ ಸಂಗೀತ ನಿರ್ದೇಶಕರಾದವರು ಅವರು. ಒಂದು ಕಾಲಕ್ಕೆ ಮದುವೆಮನೆಯ ಮೈಕುಗಳಲ್ಲೆಲ್ಲ ಅವರದೇ ಹಾಡು. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನನ್ನನ್ನು ಸಹಾಯಕನಾಗಿ ಇಟ್ಟುಕೊಂಡರು. ಆಮೇಲೆ ಅವರ ಕಿವಿ ಮಂದವಾಗತೊಡಗಿತು. ಅದು ಗೊತ್ತಿದ್ದವನು ನಾನೊಬ್ಬನೇ. ರೆಕಾರ್ಡಿಂಗಿನಲ್ಲಿ ಅವರೆದುರು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಯಾರಾದರೂ ಶ್ರುತಿ ತಪ್ಪಿದರೆ ತೋರುಬೆರಳು ಎತ್ತುತ್ತಿದ್ದೆ. ತಾವೇ ಕೇಳಿಸಿಕೊಂಡವರಂತೆ ಅವರು ನಿಲ್ಲಿಸುತ್ತಿದ್ದರು. ಹೀಗೆ ಕೆಲವು ಚಿತ್ರ ದಾಟಿಸಿದೆವು.

ಒಂದು ದಿನ ಪಿಟೀಲು ತಪ್ಪಿತು. ನಾನು ಬೆರಳು ಎತ್ತಲಿಲ್ಲ. ಮೇಷ್ಟ್ರು "ಓಕೆ" ಎಂದರು. ವಾದ್ಯಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿರ್ಮಾಪಕರು ಮತ್ತೆ ಹಾಕಿಸಿ ಕೇಳಿದರು, ಎದ್ದು ಹೋದರು. ಕಿವಿಯ ಗುಟ್ಟು ಹೊರಬಿದ್ದು ಮೇಷ್ಟ್ರು ಊರಿಗೆ ಮರಳಿದರು, ಅವರ ಕುರ್ಚಿಯಲ್ಲಿ ನಾನು ಕೂತೆ. ನಾನು ಮಾಡಿದ ಒಂದು ಹಾಡೂ ಯಾರ ಬಾಯಲ್ಲೂ ಉಳಿಯಲಿಲ್ಲ.

ಸೊರಬದಲ್ಲಿ ಇಳಿದು ಅವಲಕ್ಕಿ ತಿಂದು ಜಡೆಯ ಬಸ್ಸಿಗೆ ಬಹಳ ಹೊತ್ತು ಕಾದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಮೇಷ್ಟ್ರ ಮನೆ ಬಸ್ಸು ನಿಲ್ಲುವ ಜಾಗದ ಎದುರಿಗೇ ಇದೆ. ಮಗಳು ಗೌರಮ್ಮ ಅಂಗಳಕ್ಕೆ ಬಂದರು. "ಗಟ್ಟಿಯಾಗಿ ಮಾತಾಡ್ಬೇಕ್ರಿ. ಈಗ ಗುಡುಗಿದ್ರೂ ಅಪ್ಪಂಗೆ ನಾವೇ ಹೇಳ್ಬೇಕು."

ಅಂಗಳದಲ್ಲೇ ಕುರ್ಚಿ ಹಾಕಿ ಕೂತಿದ್ದ ಮೇಷ್ಟ್ರಿಗೆ ನನ್ನ ಗುರುತು ತಕ್ಷಣ ಸಿಕ್ಕಿತು. "ಬಾರೋ ಸಿದ್ದಣ್ಣ. ನನಗಿಂತ ಮೊದ್ಲೇ ಮುದುಕ ಆದ್ಯಲ್ಲೋ" ಎಂದು ಕೈ ಹಿಡಿದು ಕೂರಿಸಿಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಅವತ್ತು ನೀನು ಬೆರಳು ಎತ್ತಿದ್ದೆ ಮಾರಾಯ. ನನ್ನ ಕಣ್ಣೇ ತಪ್ತು. ನಿನ್ನ ಶ್ರಮ ಎಲ್ಲ ಹಾಳು ಮಾಡ್ದೆ. ಬೇಜಾರು ಮಾಡ್ಕೋಬೇಡ."

"ನಾನು ಎತ್ತಿರಲಿಲ್ಲ" ಎಂದೆ.

"ಎಂತ ಅಂತಾನೆ ಇವ?" ಎಂದು ಮಗಳನ್ನು ಕೇಳಿದರು.

ಗೌರಮ್ಮನಿಗೆ ಕೇಳಿಸಿತ್ತು. "ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ್ರಿ" ಎಂದರು ನನಗೆ. "ಆ ಮದ್ರಾಸಲ್ಲಿ ನೀವೊಬ್ರೇ ಒಳ್ಳೇರು ಅಂತ ನಂಬ್ಕಂಡಿದಾರೆ. ಚಾ ಕುಡ್ದು ಸುಮ್ನೆ ಹೋಗ್ಬಿಡ್ರಿ."

ಹಾಗೆ ಹೋಗಿಬಿಡಬಹುದಿತ್ತು. ಆದರೆ ಅವರು ನನ್ನಲ್ಲಿ ಕ್ಷಮೆ ಕೇಳಿದ್ದರು. ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದೆ: "ಬೇಕಂತ್ಲೇ ಎತ್ಲಿಲ್ಲ ಮೇಷ್ಟ್ರೇ. ನಿಮ್ಮ ಕುರ್ಚಿ ಬೇಕಾಗಿತ್ತು."

ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮೇಷ್ಟ್ರು ನನ್ನ ಕೈಯನ್ನು ಮೆಲ್ಲಗೆ ಬಿಟ್ಟರು. ಮಗಳ ಕಡೆ ನೋಡಿ, "ಇವರಿಗೆ ಊಟಕ್ಕೆ ಹಾಕಮ್ಮ. ಬಸ್ಸಿಗೆ ಹೊತ್ತಾಗ್ತದೆ" ಎಂದರು.

ಗೌರಮ್ಮ ಅನ್ನ, ಸಾರು ಬಡಿಸಿದರು. ಎಲೆ ಬಿಟ್ಟು ಏಳುವ ಧೈರ್ಯ ನನಗಿರಲಿಲ್ಲ, ತಿಂದೆ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡು ಊರು ಬಿಟ್ಟಿದ್ದೆ.

ಸೊರಬದ ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತೆ. ಮೇಷ್ಟ್ರು ಅಂಗಳದಲ್ಲಿ ಕುರ್ಚಿಯನ್ನು ಮನೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ಬಸ್ಸು ಹೊರಟದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ.